ಒಲೆಯ ಮೇಲಿನ ಸೀಸ: ಅಮೆರಿಕದ ಮನೆಗಳಲ್ಲಿ ಗುಂಡು ಎರಕ ಹೊಯ್ದ ಕಥನ

ಸೀಸವನ್ನು ಕರಗಿಸಿ, ಅಚ್ಚಿಗೆ ಹೊಯ್ದು, ಕೋವಿಗೆ ಬೇಕಾದ ಗುಂಡುಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ರೂಢಿ ಅಮೆರಿಕದಲ್ಲಿ ಯುರೋಪಿನ ವಲಸೆಗಾರರು ನೆಲೆಯೂರಿದ ಕಾಲದಿಂದ ಇಂದಿನವರೆಗೆ ಕಡಿಯದೆ ನಡೆದುಬಂದಿದೆ. ಆದರೆ ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರು ಇಂದು ಮೊದಲು ಎದುರಿಸುವ ಪ್ರಶ್ನೆ, ಅಂದರೆ ಯಾವ ಪಾತ್ರೆ ಕೊಳ್ಳಬೇಕು, ಯಾವ ಅಚ್ಚು ಆರಿಸಬೇಕು, ಸೀಸಕ್ಕೆ ಏನನ್ನು ಎಷ್ಟು ಬೆರೆಸಬೇಕು ಎಂಬ ಪ್ರಶ್ನೆ, ಆ ರೂಢಿಯಷ್ಟು ಹಳೆಯದಲ್ಲ. ಹದಿನೆಂಟನೆಯ ಶತಮಾನದ ಬೇಟೆಗಾರನಿಗೆ ಅಂಥ ಆಯ್ಕೆಯೇ ಇರಲಿಲ್ಲ; ಕೋವಿ ಮಾಡಿಕೊಟ್ಟ ಕಮ್ಮಾರನೇ ಅದರ ಅಚ್ಚನ್ನೂ ಮಾಡಿಕೊಡುತ್ತಿದ್ದ, ಪಾತ್ರೆಗೆ ಅಡುಗೆಮನೆಯಿತ್ತು, ಸೀಸಕ್ಕೆ ಸಿಕ್ಕಿದ್ದೇ ಸೀಸವಾಗಿತ್ತು. ಉಪಕರಣವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಮತ್ತು ಅದರ ಜೊತೆಗೆ ಬಂದ ಗೊಂದಲ ಎರಡೂ ಕೋವಿ ಮತ್ತು ಅಚ್ಚು ಬೇರೆಬೇರೆ ಕಾರ್ಖಾನೆಗಳ ಸರಕಾಗಿ ಅಗಲಿದ ಮೇಲೆ ಹುಟ್ಟಿದವು. ಆ ಅಗಲಿಕೆ ಹೇಗಾಯಿತು ಎಂಬುದನ್ನು ತಿಳಿಯದೆ ಇಂದಿನ ಉಪಕರಣಗಳ ಪಟ್ಟಿಯನ್ನು ಓದಿದರೆ ಅದು ಬರಿಯ ಅಂಗಡಿಯ ದರಪಟ್ಟಿಯಾಗಿ ಉಳಿಯುತ್ತದೆ.

ಗುಂಡಿನ ಎರಕ ಮನೆಯ ಕೆಲಸವಾಗಿ ಉಳಿಯಲು ಮುಖ್ಯ ಕಾರಣ ಸೀಸದ ಗುಣವೇ. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾದರೆ ಸೀಸಕ್ಕೆ 327 ಡಿಗ್ರಿ ಸಾಕು, ಆದ್ದರಿಂದ ಕುಲುಮೆ ಮತ್ತು ತಿದಿಗಳ ಹಂಗಿಲ್ಲದೆ ಸೌದೆಯ ಬೆಂಕಿಯಲ್ಲಿಯೇ ಅದು ನೀರಾಗುತ್ತದೆ. ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ತೂಕವಿರುವುದರಿಂದ ಚಿಕ್ಕ ಗುಂಡೂ ಗಾಳಿಯ ತಡೆಯನ್ನು ಮೀರಿ ದೂರ ಹೋಗುತ್ತದೆ. ಮೆತುವಾಗಿರುವುದರಿಂದ ಉಕ್ಕಿನ ನಳಿಗೆಯನ್ನು ಸವೆಸುವುದಿಲ್ಲ. ಬೇಟೆಯಾದ ಪ್ರಾಣಿಯ ದೇಹದಿಂದ ಅಥವಾ ಗುರಿಯಿಟ್ಟ ಮರದ ಬೊಡ್ಡೆಯಿಂದ ಕಿತ್ತು ತೆಗೆದ ಗುಂಡನ್ನು ಮತ್ತೆ ಕರಗಿಸಿ ಮತ್ತೆ ಹೊಯ್ಯಬಹುದು ಎಂಬುದು, ಅಂಗಡಿ ಎಷ್ಟೋ ದಿನಗಳ ದಾರಿಯಾಗಿದ್ದ ಗಡಿನಾಡಿನಲ್ಲಿ ಸಣ್ಣ ಅನುಕೂಲವಾಗಿರಲಿಲ್ಲ.

ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಮತ್ತು ಸ್ವಿಸ್ ಮೂಲದ ಕೋವಿ ಕಮ್ಮಾರರು ಉದ್ದ ನಳಿಗೆಯ ರೈಫಲ್‌ಗಳನ್ನು ಮಾಡತೊಡಗಿದರು. ರೈಫಲ್ ಎಂದರೆ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದ ಕೋವಿ. ಆ ಗೀರುಗಳು ಗುಂಡನ್ನು ತಿರುಗಿಸುತ್ತ ಹೊರದೂಡುವುದರಿಂದ ಗುರಿ ನೇರವಾಗುತ್ತದೆ. ಕೈಯಿಂದ ಕೊರೆದ ನಳಿಗೆಗಳಾದ್ದರಿಂದ ಒಬ್ಬನೇ ಕಮ್ಮಾರ ಮಾಡಿದ ಎರಡು ಕೋವಿಗಳ ಒಳವ್ಯಾಸವೂ ಒಂದೇ ಆಗಿರುತ್ತಿರಲಿಲ್ಲ. ಹೀಗಾಗಿ ಪ್ರತಿ ಕೋವಿಗೂ ಅದರದೇ ಅಳತೆಯ ಅಚ್ಚನ್ನು ಕಮ್ಮಾರನೇ ಕೊರೆದು ಕೊಡುತ್ತಿದ್ದ. ಆ ಕಾಲದ ಅಚ್ಚು ಇಕ್ಕಳದ ಆಕಾರದ್ದು: ಎರಡು ದವಡೆಗಳಲ್ಲಿ ತಲಾ ಅರ್ಧ ಗೋಳದ ಕುಳಿ, ಮೇಲೆ ಸೀಸ ಹೊಯ್ಯಲು ಸಣ್ಣ ಬಾಯಿ, ಹಿಡಿಕೆಗಳ ಸಂದಿನಲ್ಲಿ ಕತ್ತರಿಯಂಥ ಅಲಗು. ಬಾಯಿಯಲ್ಲಿ ಗಟ್ಟಿಯಾಗಿ ತೊಟ್ಟಿನಂತೆ ಗುಂಡಿಗೆ ಅಂಟಿಕೊಂಡ ಹೆಚ್ಚುವರಿ ಸೀಸವನ್ನು ಕತ್ತರಿಸಿ ಹಾಕಲು ಆ ಅಲಗು ಬಳಕೆಯಾಗುತ್ತಿತ್ತು. ಕಬ್ಬಿಣ ಮತ್ತು ಹಿತ್ತಾಳೆಯ ಅಚ್ಚುಗಳಲ್ಲದೆ ಬಳಪದ ಕಲ್ಲಿನಲ್ಲಿ ಕೊರೆದ ಅಚ್ಚುಗಳೂ ಇದ್ದವು. ಬೇಲೂರು ಹಳೆಬೀಡುಗಳ ಶಿಲ್ಪಿಗಳಿಗೆ ಒಲಿದ ಈ ಜಾತಿಯ ಕಲ್ಲು ಚಾಕುವಿನ ಮೊನೆಗೂ ಮಣಿಯುತ್ತದೆ, ಕರಗಿದ ಲೋಹದ ಬಿಸಿಗೂ ಬಿರಿಯುವುದಿಲ್ಲ. ಕಮ್ಮಾರನಿಲ್ಲದ ಕಡೆ ಸಾಮಾನ್ಯನೊಬ್ಬ ತಾನೇ ಮಾಡಿಕೊಳ್ಳಬಹುದಾಗಿದ್ದ ಅಚ್ಚು ಅದೊಂದೇ ಎನ್ನಬೇಕು.

ಕೋವಿಯ ಅಳತೆಯನ್ನು ಹೇಳುವ ಕ್ರಮದಲ್ಲಿಯೂ ಎರಕದ ಲೆಕ್ಕವೇ ಇತ್ತು. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಸೀಸದಲ್ಲಿ ಆ ನಳಿಗೆಗೆ ಹೊಂದುವ ಗೋಳ ಗುಂಡುಗಳು ಎಷ್ಟಾಗುತ್ತವೆ ಎಂಬುದರ ಮೇಲೆ ಕೋವಿಯನ್ನು ಗುರುತಿಸುತ್ತಿದ್ದರು. ಇಂದಿಗೂ ಮಲೆನಾಡಿನ ತೋಟಗಳಲ್ಲಿ ಹನ್ನೆರಡು ಬೋರಿನ ಕೋವಿ ಎನ್ನುವಾಗ ಉಳಿದಿರುವುದು ಆ ಲೆಕ್ಕವೇ: ಪೌಂಡಿಗೆ ಹನ್ನೆರಡು ಗುಂಡು, ಒಂದೊಂದರ ವ್ಯಾಸ ಸುಮಾರು 18.5 ಮಿಲಿಮೀಟರ್. ಪೆನ್ಸಿಲ್ವೇನಿಯಾದ ರೈಫಲ್‌ಗಳ ನಳಿಗೆ ಇದಕ್ಕಿಂತ ಬಹಳ ಕಿರಿದು. ಅರ್ಧ ಅಂಗುಲಕ್ಕಿಂತ ತುಸು ಕಡಿಮೆ ವ್ಯಾಸದ, 0.45 ಅಂಗುಲದ ಗುಂಡುಗಳಾದರೆ ಪೌಂಡಿಗೆ ಐವತ್ತರಷ್ಟು ಬರುತ್ತವೆ. ಸೀಸವನ್ನು ಬೆನ್ನ ಮೇಲೆ ಹೊತ್ತು ಕಾಡು ದಾಟುವವನಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಿಲ್ಲ. ಗುಂಡನ್ನು ನಳಿಗೆಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಹೊಯ್ದು, ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ಬಾಯಿಯಿಂದ ಒಳಗೆ ತಳ್ಳುತ್ತಿದ್ದುದರಿಂದ ಎರಕದ ಸಣ್ಣಪುಟ್ಟ ಊನಗಳನ್ನು ಬಟ್ಟೆಯೇ ಮರೆಸುತ್ತಿತ್ತು. ಕಬ್ಬಿಣದ ಸೌಟು, ಒಂದು ಅಚ್ಚು, ಒಲೆ, ಇಷ್ಟರಲ್ಲಿಯೇ ಕೆಲಸ ಮುಗಿಯುತ್ತಿದ್ದುದಕ್ಕೆ ಈ ಸಹನೆಯೇ ಆಧಾರ.

ಈ ಕೆಲಸ ಗಂಡಸರದು ಮಾತ್ರವಾಗಿರಲಿಲ್ಲ ಎಂಬುದಕ್ಕೆ ಲಿಖಿತ ಸಾಕ್ಷಿಯೊಂದಿದೆ, ಮತ್ತು ಅದು ಇಡೀ ವಿಷಯದಲ್ಲಿಯೇ ಅತ್ಯಂತ ಬೆಲೆಬಾಳುವ ದಾಖಲೆ. ನ್ಯೂಯಾರ್ಕಿನ ಬೌಲಿಂಗ್ ಗ್ರೀನ್ ಎಂಬಲ್ಲಿ 1770ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ನ ಅಶ್ವಾರೂಢ ಪ್ರತಿಮೆಯನ್ನು ನಿಲ್ಲಿಸಲಾಗಿತ್ತು. ಜೋಸೆಫ್ ವಿಲ್ಟನ್ ಎಂಬ ಶಿಲ್ಪಿ ಸೀಸದಲ್ಲಿ ಎರಕ ಹೊಯ್ದು ಚಿನ್ನದ ಲೇಪ ಕೊಟ್ಟಿದ್ದ ಪ್ರತಿಮೆ ಅದು. 1776ರ ಜುಲೈ 9ರಂದು ಸ್ವಾತಂತ್ರ್ಯ ಘೋಷಣೆಯನ್ನು ಸೈನಿಕರ ಮುಂದೆ ಓದಿದ ಸಂಜೆ ಜನ ಅದನ್ನು ಉರುಳಿಸಿದರು. ತುಂಡುಗಳಲ್ಲಿ ಬಹುಪಾಲನ್ನು ಕನೆಕ್ಟಿಕಟ್ ಪ್ರಾಂತ್ಯದ ಲಿಚ್‌ಫೀಲ್ಡ್ ಊರಿಗೆ, ಆ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಆಲಿವರ್ ವುಲ್ಕಾಟ್ ಅವರ ಮನೆಗೆ ಸಾಗಿಸಲಾಯಿತು. ಅಲ್ಲಿ ಹೆಂಗಸರೂ ಮಕ್ಕಳೂ ಕೂತು ದೊರೆಯನ್ನು ಗುಂಡುಗಳನ್ನಾಗಿ ಮಾಡಿದರು, ಮತ್ತು ವುಲ್ಕಾಟ್ ಕುಟುಂಬದ ಕಾಗದಗಳಲ್ಲಿ ಯಾರು ಎಷ್ಟು ತೋಟಾಗಳನ್ನು, ಅಂದರೆ ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿದ ಕಟ್ಟುಗಳನ್ನು, ಮಾಡಿದರೆಂಬ ಪಟ್ಟಿ ಉಳಿಯಿತು. ರೂತ್ ಮಾರ್ವಿನ್ 11,592. ಶ್ರೀಮತಿ ಮಾರ್ವಿನ್ 6,058. ವುಲ್ಕಾಟರ ಮಗಳು ಲಾರಾ 8,378. ಇನ್ನೊಬ್ಬ ಮಗಳು ಮೇರಿ ಆ್ಯನ್ 10,790. ಶ್ರೀಮತಿ ಬೀಚ್ 1,802. ಇನ್ನೂ ಹತ್ತು ತುಂಬದ ಮಗ ಫ್ರೆಡರಿಕ್ 936. ಇತರ ಕೈಗಳು ಮಾಡಿದ್ದನ್ನೂ ಕೂಡಿಸಿದರೆ ಒಟ್ಟು 42,088. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಚರಿತ್ರೆಗಳು ಪ್ರತಿಮೆ ಉರುಳಿದ ಗದ್ದಲವನ್ನು ವರ್ಣಿಸಿ ಮುಂದೆ ಸಾಗುತ್ತವೆ. ಆದರೆ ನಲವತ್ತೆರಡು ಸಾವಿರ ಗುಂಡುಗಳಿಗೆ ಅಚ್ಚು ತುಂಬಿ, ಆರಿಸಿ, ಬಿಚ್ಚಿ, ತೊಟ್ಟು ಕತ್ತರಿಸಿದ ದುಡಿಮೆ ಆ ಗದ್ದಲಕ್ಕಿಂತ ಎಷ್ಟೋ ದೀರ್ಘವಾದದ್ದು ಮತ್ತು ಅದನ್ನು ನಡೆಸಿದವರ ಹೆಸರುಗಳು ಉಳಿದಿರುವುದು ಅಪರೂಪದ ಭಾಗ್ಯ.

ಸೀಸದ ಸಾಗಾಟವೂ ಜಾಣತನವನ್ನು ಬೇಡುತ್ತಿತ್ತು. ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ 1804ರಲ್ಲಿ ಮಿಸೌರಿ ನದಿಯ ಮೇಲ್ಮುಖವಾಗಿ ಹೊರಟ ಯಾತ್ರೆಗೆ ಕೋವಿಮದ್ದನ್ನು ತುಂಬಿಸಿದ್ದು ಸೀಸದ ಡಬ್ಬಿಗಳಲ್ಲಿ. ಒಂದೊಂದು ಡಬ್ಬಿಯಲ್ಲಿ 4 ಪೌಂಡ್ ಮದ್ದು, ಡಬ್ಬಿಯ ತೂಕ 8 ಪೌಂಡ್. ಮದ್ದು ಬಳಸಿ ಖಾಲಿಯಾದ ಡಬ್ಬಿಯನ್ನು ಕರಗಿಸಿದರೆ ಅಷ್ಟೇ ಮದ್ದಿಗೆ ಸಾಲುವಷ್ಟು ಗುಂಡುಗಳಾಗುತ್ತಿದ್ದವು. ನದಿಯಲ್ಲಿ ಮುಳುಗಿದರೂ ಒಳಗಿನ ಮದ್ದು ಒದ್ದೆಯಾಗದಂತೆ ಕಾದ ಈ ಏರ್ಪಾಟನ್ನು ಲೂಯಿಸ್ ತಮ್ಮ ದಿನಚರಿಯಲ್ಲಿ ತೃಪ್ತಿಯಿಂದ ದಾಖಲಿಸಿದ್ದಾರೆ.

ಸೀಸದ ಕೆಲಸಗಳಲ್ಲಿ ಮನೆಯನ್ನು ಮೊದಲು ಬಿಟ್ಟುಹೋದದ್ದು ಚರೆ, ಅಂದರೆ ಹಕ್ಕಿ ಮೊಲಗಳ ಬೇಟೆಗೆ ಬಳಸುವ ಸಾಸಿವೆ ಮೆಣಸುಗಳ ಗಾತ್ರದ ಸಣ್ಣ ಗುಂಡುಗಳು. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ವಿಲಿಯಂ ವಾಟ್ಸ್ 1782ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಕರಗಿದ ಸೀಸವನ್ನು ಎತ್ತರದ ಗೋಪುರದಿಂದ ಜರಡಿಯ ಮೂಲಕ ಬೀಳಿಸಿದರೆ ಹನಿಗಳು ಬೀಳುತ್ತಲೇ ದುಂಡಗಾಗಿ ಕೆಳಗಿನ ನೀರಿನಲ್ಲಿ ಗಟ್ಟಿಯಾಗುತ್ತಿದ್ದವು. 1808ರಲ್ಲಿ ಫಿಲಡೆಲ್ಫಿಯಾದಲ್ಲಿ ಅಂಥ ಗೋಪುರ ಎದ್ದಿತು. ಅಲ್ಲಿಂದಾಚೆಗೆ ಚರೆ ಅಂಗಡಿಯ ಸರಕಾಯಿತು, ಕೋವಿಗೆ ಕೋವಿಗೆ ಅಳತೆ ಬದಲಾಗುವ ದೊಡ್ಡ ಗುಂಡು ಮಾತ್ರ ಮನೆಯಲ್ಲಿ ಉಳಿಯಿತು.

ಕೋವಿಯೊಡನೆ ಅಚ್ಚು ಬರುವ ಪದ್ಧತಿ ಕಾರ್ಖಾನೆಯ ಯುಗದ ಆರಂಭದಲ್ಲಿಯೂ ಮುಂದುವರಿಯಿತು. ಸ್ಯಾಮ್ಯುಯೆಲ್ ಕೋಲ್ಟರ ರಿವಾಲ್ವರ್‌ಗಳನ್ನು ಮಖಮಲ್ಲು ಹೊದಿಸಿದ ಪೆಟ್ಟಿಗೆಯಲ್ಲಿಟ್ಟು ಮಾರುವಾಗ ಮದ್ದಿನ ಕುಡಿಕೆ, ಕೇಪುಗಳ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲುಗಳ) ಡಬ್ಬಿ, ತಿರುಗುಳಿ ಇವುಗಳ ಪಕ್ಕದಲ್ಲಿ ಎರಡು ಕುಳಿಗಳ ಅಚ್ಚೂ ಇರುತ್ತಿತ್ತು, ಒಂದರಲ್ಲಿ ಗೋಳ ಗುಂಡು, ಇನ್ನೊಂದರಲ್ಲಿ ಮೊನೆಯುಳ್ಳ ಗುಂಡು. ಆದರೆ ಇಲ್ಲಿ ಒಂದು ಬದಲಾವಣೆ ಆಗಿಹೋಗಿತ್ತು: ಒಂದೇ ಮಾದರಿಯ ಸಾವಿರಾರು ರಿವಾಲ್ವರ್‌ಗಳ ಅಳತೆ ಒಂದೇ ಆದ್ದರಿಂದ ಒಬ್ಬರ ಅಚ್ಚು ಇನ್ನೊಬ್ಬರ ಕೋವಿಗೂ ಸಲ್ಲುತ್ತಿತ್ತು. ಸೈನ್ಯವಂತೂ ಇನ್ನೂ ಮುಂದೆ ಹೋಯಿತು. ಫ್ರಾನ್ಸಿನ ಕ್ಲಾಡ್ ಎಟಿಯೆನ್ ಮಿನಿಯೆ 1849ರಲ್ಲಿ ರೂಪಿಸಿದ, ಬುಡ ಟೊಳ್ಳಾದ ಉದ್ದ ಗುಂಡನ್ನು ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದಲ್ಲಿ ಜೇಮ್ಸ್ ಬರ್ಟನ್ ಸರಳಗೊಳಿಸಿದ ಮೇಲೆ, ಮದ್ದು ಮತ್ತು ಗುಂಡುಗಳನ್ನು ಕಾಗದದಲ್ಲಿ ಸುತ್ತಿದ ಸಿದ್ಧ ತೋಟಾಗಳು ಆಯುಧಾಗಾರಗಳಿಂದ ಪೆಟ್ಟಿಗೆಗಟ್ಟಲೆ ಹೊರಬಂದವು.

ಇದೇ ಕಾಲದ ಇದೇ ಬಗೆಯ ಕಾಗದದ ತೋಟಾ ಭಾರತದ ಚರಿತ್ರೆಯಲ್ಲಿಯೂ ನಿಂತಿದೆ. ಎನ್‌ಫೀಲ್ಡ್ ರೈಫಲ್‌ನ ತೋಟಾಗಳಿಗೆ ಸವರಿದ ಕೊಬ್ಬಿನ ಬಗ್ಗೆ ಎದ್ದ ಅಸಮಾಧಾನ 1857ರ ದಂಗೆಗೆ ಕಿಡಿಯಾದದ್ದು ಎಲ್ಲರಿಗೂ ತಿಳಿದ ಸಂಗತಿ. ಅದರ ಬೆನ್ನಿಗೆ ಬಂದ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಒಪ್ಪದೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ವರ್ಷದ ನವೆಂಬರಿನಲ್ಲಿ ಎದುರುನಿಂತು ಪ್ರಾಣ ತೆತ್ತರು. ಆ ಪ್ರಸಂಗ ಕನ್ನಡದ ಲಾವಣಿಗಳಲ್ಲಿ ಉಳಿದಿದೆ. ಮುಂದೆ 1878ರ ಶಸ್ತ್ರಾಸ್ತ್ರ ಕಾಯಿದೆ ಕೋವಿಯನ್ನಷ್ಟೇ ಅಲ್ಲ, ಸರ್ಕಾರ ಬಯಸಿದ ಕಡೆಗಳಲ್ಲಿ ಸೀಸ, ಗಂಧಕ, ಪೆಟ್ಲುಪ್ಪುಗಳನ್ನೂ ಸೈನಿಕ ಸರಕೆಂದು ಹತೋಟಿಗೆ ತರಲು ಅವಕಾಶ ಮಾಡಿಕೊಂಡಿತು. ಸ್ವತಂತ್ರ ಭಾರತದ 1959ರ ಕಾಯಿದೆಯ ಪ್ರಕಾರ ಮದ್ದುಗುಂಡಿನ ತಯಾರಿಕೆಗೆ ಪರವಾನಗಿ ಬೇಕು, ತಯಾರಿಸುವ ಯಂತ್ರೋಪಕರಣಗಳೂ ಮದ್ದುಗುಂಡಿನ ವ್ಯಾಖ್ಯೆಯೊಳಗೇ ಬರುತ್ತವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ಮದ್ದುಗುಂಡು ತಯಾರಿಸುವುದಕ್ಕಲ್ಲ. ಹೀಗಾಗಿ ಗುಂಡಿನ ಎರಕ ಇಲ್ಲಿ ಅಮೆರಿಕದ ಹಾಗೆ ಬಿಡುವಿನ ಹವ್ಯಾಸವಾಗಿ ಬೆಳೆಯಲು ದಾರಿಯೇ ಇರಲಿಲ್ಲ.

ಅಮೆರಿಕದಲ್ಲಿ ಲೋಹದ ತೋಟಾ ಬಂದಾಗ, ಅಂದರೆ ಹಿತ್ತಾಳೆಯ ಕೊಳವೆಯಲ್ಲಿ ಮದ್ದು, ಕೇಪು, ಗುಂಡು ಮೂರೂ ಒಂದಾಗಿ ಅಂಗಡಿಯಲ್ಲಿ ಸಿಗತೊಡಗಿದಾಗ, ಮನೆಯ ಎರಕ ಸಹಜವಾಗಿ ನಿಂತುಹೋಗಬೇಕಾಗಿತ್ತು. ನಡೆದದ್ದು ಬೇರೆ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಯೇ ತೋಟಾದ ಅತ್ಯಂತ ದುಬಾರಿ ಭಾಗ, ಮತ್ತು ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂಡಿಸಿದರೆ ಮತ್ತೆ ಮತ್ತೆ ಬಳಸಬಹುದು ಎಂಬುದು ಬೇಗನೆ ಗೊತ್ತಾಯಿತು. 1870ರ ದಶಕದಲ್ಲಿ ಕ್ಯಾನ್ಸಸ್ ಮತ್ತು ಟೆಕ್ಸಾಸಿನ ಬಯಲುಗಳಲ್ಲಿ ಕಾಡೆಮ್ಮೆಗಳನ್ನು ಸಾವಿರಗಟ್ಟಲೆ ಕೊಂದ ವೃತ್ತಿ ಬೇಟೆಗಾರರು ಬಿಡಾರದ ಬೆಂಕಿಯಲ್ಲಿ ಸೀಸಕ್ಕೆ ತುಸು ತವರ ಬೆರೆಸಿ ಗುಂಡು ಹೊಯ್ಯುತ್ತಿದ್ದರು. ಒಂದು ಭೂಖಂಡದ ಪ್ರಾಣಿಸಂಪತ್ತನ್ನು ಬರಿದುಮಾಡಿದ ಆ ಹತ್ಯೆಗೆ ಈ ಸರಳ ಉಪಕರಣಗಳು ಒದಗಿಬಂದವು ಎಂಬ ಕಹಿ ಸತ್ಯವನ್ನು ಈ ಕಸುಬಿನ ಚರಿತ್ರೆ ಬರೆಯುವವರು ಮುಚ್ಚಿಡಬಾರದು.

ಹೊಸಬರ ಉಪಕರಣ ಎಂಬ ಕಲ್ಪನೆಗೆ ರೂಪ ಕೊಟ್ಟವರು ಜಾನ್ ಬಾರ್ಲೋ. ಅವರು 1884ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಆರಂಭಿಸಿದ ಐಡಿಯಲ್ ಕಂಪನಿ ಇಕ್ಕಳದಂಥ ಒಂದೇ ಸಾಧನದಲ್ಲಿ ಹಳೆಯ ಕೇಪು ತೆಗೆಯುವ, ಹೊಸದನ್ನು ಕೂರಿಸುವ, ಗುಂಡನ್ನು ಕೊಳವೆಗೆ ಒತ್ತುವ ಏರ್ಪಾಟುಗಳನ್ನೂ, ಕೆಲವು ಮಾದರಿಗಳಲ್ಲಿ ತುದಿಗೆ ಅಚ್ಚನ್ನೂ ಸೇರಿಸಿ ಮಾರಿತು. ಆದರೆ ಇಕ್ಕಳಕ್ಕಿಂತ ಹೆಚ್ಚು ಪರಿಣಾಮ ಮಾಡಿದ್ದು ಬಾರ್ಲೋ ಪ್ರಕಟಿಸುತ್ತ ಬಂದ ಕೈಪಿಡಿ ಮತ್ತು ಅದರ ಸಂಖ್ಯಾಕ್ರಮ ಎಂದೇ ಹೇಳಬೇಕು. ಪ್ರತಿ ಗುಂಡಿಗೂ ಒಂದು ಸಂಖ್ಯೆ: ಮೊದಲ ಮೂರು ಅಂಕಿಗಳು ಅದರ ವ್ಯಾಸವನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಹೇಳಿದರೆ, ಉಳಿದ ಅಂಕಿಗಳು ಅದರ ಆಕಾರವನ್ನು ಕೊರೆದ ಉಳಿಯ ಕ್ರಮಸಂಖ್ಯೆ. 311291 ಎಂದರೆ 0.311 ಅಂಗುಲದ, 291ನೆಯ ವಿನ್ಯಾಸದ ಗುಂಡು. ತನ್ನ ನಳಿಗೆಯ ಅಳತೆ ತಿಳಿದ ಯಾರಾದರೂ ನೂರಾರು ಮೈಲಿ ದೂರದಿಂದ ಅಂಚೆಯಲ್ಲಿ ಸರಿಯಾದ ಅಚ್ಚನ್ನು ತರಿಸಿಕೊಳ್ಳಬಹುದಾಯಿತು. ಕಮ್ಮಾರನ ಬಳಿಯಿದ್ದ ತಿಳಿವಳಿಕೆ ಪುಸ್ತಕಕ್ಕೆ ಬಂತು, ಮತ್ತು ಅದರೊಂದಿಗೆ ಆಯ್ಕೆಯ ಹೊಣೆ ಕೊಳ್ಳುವವರ ಹೆಗಲಿಗೆ ಬಿತ್ತು. ಐಡಿಯಲ್ ಕಂಪನಿ 1910ರಲ್ಲಿ ಮಾರ್ಲಿನ್ ಕಂಪನಿಯ ಕೈಗೂ 1925ರಲ್ಲಿ ಲೈಮನ್ ಕಂಪನಿಯ ಕೈಗೂ ಹೋದರೂ ಆ ಸಂಖ್ಯೆಗಳು ಇಂದಿಗೂ ಚಾಲ್ತಿಯಲ್ಲಿವೆ.

ಹೊಗೆಯಿಲ್ಲದ ಮದ್ದು ಬಂದದ್ದು ಎರಕದವರಿಗೆ ದೊಡ್ಡ ಪರೀಕ್ಷೆಯಾಯಿತು. ಹೆಚ್ಚಿದ ಶಾಖ ಮತ್ತು ವೇಗಗಳಿಗೆ ಮೆದು ಸೀಸ ತಾಳಲಾರದೆ ನಳಿಗೆಯ ಗೀರುಗಳಲ್ಲಿ ಬಳಿದುಕೊಂಡು ಗುರಿ ಕೆಡಿಸುತ್ತಿತ್ತು. ಕಾರ್ಖಾನೆಗಳು ಗುಂಡಿಗೆ ತಾಮ್ರದ ಹೊದಿಕೆ ತೊಡಿಸಿದವು. ಮನೆಯವರು ಗುಂಡಿನ ಬುಡಕ್ಕೆ ಮಾತ್ರ ತಾಮ್ರದ ಪುಟ್ಟ ಬಟ್ಟಲನ್ನು ಕೂರಿಸುವ ಉಪಾಯ ಹಿಡಿದರು, ಜೊತೆಗೆ ಸೀಸವನ್ನು ಗಟ್ಟಿಮಾಡುವ ಬೆರಕೆಗಳನ್ನು ಹುಡುಕಿದರು. ತವರ ಬೆರೆಸಿದರೆ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಆಂಟಿಮನಿ ಬೆರೆಸಿದರೆ ಗಡಸಾಗುತ್ತದೆ. ಈ ಎರಡೂ ಸಿದ್ಧವಾಗಿ ಬೆರೆತಿದ್ದ ಲೋಹ ಊರೂರಿನ ಪತ್ರಿಕಾಲಯದಲ್ಲಿಯೇ ಇತ್ತು. 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಬಳಕೆಗೆ ಬಂದ ಆಟ್ಮಾರ್ ಮರ್ಗೆಂತಾಲರ್ ಅವರ ಲೈನೋಟೈಪ್ ಯಂತ್ರ ಒಂದೊಂದು ಸಾಲನ್ನೂ ಎರಕ ಹೊಯ್ಯುತ್ತಿದ್ದ ಲೋಹದಲ್ಲಿ ನೂರಕ್ಕೆ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಕನ್ನಡದ ಮೊಳೆ ಜೋಡಿಸುವವರ ಕೈಯಲ್ಲಿದ್ದದ್ದೂ ಇದೇ ಮೂರು ಲೋಹಗಳ ಬೆರಕೆ. ಹಳೆಯ ಸುದ್ದಿಯ ಸಾಲುಗಳು ತೂಕದ ಲೆಕ್ಕದಲ್ಲಿ ಎರಕದವರ ಮನೆ ಸೇರುತ್ತಿದ್ದವು. ಐಡಾಹೊದ ಕೋವಿ ಬರಹಗಾರ ಎಲ್ಮರ್ ಕೀತ್ 1928ರ ಸುಮಾರಿಗೆ ವಿನ್ಯಾಸಗೊಳಿಸಿದ, ಲೈಮನ್ ಪಟ್ಟಿಯಲ್ಲಿ 429421 ಎಂದು ಹೆಸರಾದ ಗುಂಡು ಗಟ್ಟಿ ಎರಕಕ್ಕೆ ಪಿಸ್ತೂಲಿನಲ್ಲಿ ಶಾಶ್ವತ ಸ್ಥಾನ ದೊರಕಿಸಿತು.

ಎರಡನೆಯ ಮಹಾಯುದ್ಧದ ನಂತರ ವಿದ್ಯುತ್ ಪಾತ್ರೆ ಹೊಸಬರ ಕೈಗೆ ಎಟುಕಿತು. ಬುಡದಲ್ಲಿ ಕವಾಟವಿರುವ ಪಾತ್ರೆಯಾದರೆ ಮೇಲೆ ತೇಲುವ ಕಿಟ್ಟವನ್ನು ಬಿಟ್ಟು ಶುದ್ಧ ಲೋಹವೇ ನೇರವಾಗಿ ಅಚ್ಚಿಗೆ ಇಳಿಯುತ್ತದೆ, ಆದರೆ ಕವಾಟ ಕಟ್ಟಿಕೊಂಡು ತೊಟ್ಟಿಕ್ಕುವ ಕಾಟವಿದೆ. ಸೌಟಿನಲ್ಲಿ ಹೊಯ್ಯುವುದು ನಿಧಾನ, ಆದರೆ ಕೈಗೆ ಹದ ಕಲಿಸುತ್ತದೆ. ಅಚ್ಚಿನ ಲೋಹದ ಆಯ್ಕೆಯೂ ಹೀಗೆಯೇ. ಕಬ್ಬಿಣ ನಿಧಾನವಾಗಿ ಕಾದು ಬಿಸಿಯನ್ನು ಹಿಡಿದಿಡುತ್ತದೆ, ತಲೆಮಾರು ಬಾಳುತ್ತದೆ, ತುಕ್ಕಿಗೆ ಅಂಜುತ್ತದೆ. ಅಲ್ಯೂಮಿನಿಯಂ ಹಗುರ, ಬೇಗ ಕಾಯುತ್ತದೆ, ಒರಟು ಕೈಗೆ ಬೇಗ ಸವೆಯುತ್ತದೆ. ವಿಸ್ಕಾನ್ಸಿನ್‌ನಲ್ಲಿ ರಿಚರ್ಡ್ ಲೀ 1958ರಲ್ಲಿ ಕಟ್ಟಿದ ಕಂಪನಿ 1970ರ ದಶಕದಲ್ಲಿ ಹೊರತಂದ ಅಗ್ಗದ ಅಲ್ಯೂಮಿನಿಯಂ ಅಚ್ಚುಗಳು, 10 ಮತ್ತು 20 ಪೌಂಡ್ ಹಿಡಿಯುವ ಪಾತ್ರೆಗಳು ಈ ಹವ್ಯಾಸದ ಬಾಗಿಲನ್ನು ಸಾಧಾರಣ ಸಂಬಳದವರಿಗೂ ತೆರೆದವು. ಯಾವ ಅಚ್ಚಾದರೂ ಹದ ಒಂದೇ: ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ, ಅತಿಯಾಗಿ ಕಾದರೆ ಇಬ್ಬನಿ ಬಿದ್ದಂತೆ ಮಂಕಾಗುತ್ತದೆ, ಆದ್ದರಿಂದ ಮೊದಲ ಹಲವು ಗುಂಡುಗಳು ಮರಳಿ ಪಾತ್ರೆಗೇ ಹೋಗುತ್ತವೆ. ಒಂದು ಅಥವಾ ಎರಡು ಕುಳಿಗಳ ಅಚ್ಚಿನಿಂದ ಕಲಿಯಿರಿ ಎಂದು ಹಳಬರು ಹೇಳುವುದು ಈ ಹದವನ್ನು ಕಣ್ಣಿಗೆ ಬೀಳಿಸಿಕೊಳ್ಳಲೆಂದೇ.

ಉಪಕರಣಗಳ ಪಟ್ಟಿಗೆ ಅತ್ಯಂತ ತಡವಾಗಿ ಸೇರಿದವು ರಕ್ಷಣೆಯ ಸಾಧನಗಳು. ಕಾದ ಸೀಸಕ್ಕೆ ಒಂದು ಹನಿ ನೀರು ಸೇರಿದರೂ ಅದು ಕ್ಷಣದಲ್ಲಿ ಹಬೆಯಾಗಿ ಲೋಹವನ್ನು ಸಿಡಿಸುತ್ತದೆ ಎಂಬುದು ಹಳೆಯ ಮನೆಗಳಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಕಿಟ್ಟದ ಬೂದುಬಣ್ಣದ ಪುಡಿ ಬೆರಳಿನಿಂದ ಬಾಯಿಗೆ ಹೋಗಿ ದೇಹದಲ್ಲಿ ವರ್ಷಗಟ್ಟಲೆ ಉಳಿಯುವ ವಿಷ ಎಂಬುದು. ಅದರ ಹಾನಿ ಮಕ್ಕಳ ಬೆಳೆಯುವ ಮಿದುಳಿಗೆ ಎಲ್ಲಕ್ಕಿಂತ ಹೆಚ್ಚು. ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣವನ್ನು ಅಳೆಯುವ ಎಚ್ಚರಿಕೆಯ ಗೆರೆಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂಗೆ, 2021ರಲ್ಲಿ 3.5ಕ್ಕೆ ಇಳಿಸಿತು. ಲಿಚ್‌ಫೀಲ್ಡಿನ ಮನೆಯಲ್ಲಿ ಕೂತು ಒಂಬೈನೂರಕ್ಕೂ ಹೆಚ್ಚು ತೋಟಾ ಮಾಡಿದ ಎಳೆಯ ಹುಡುಗನನ್ನು ಈ ತಿಳಿವಳಿಕೆಯ ಬೆಳಕಿನಲ್ಲಿ ನೆನೆದರೆ ಮನಸ್ಸು ಕಳವಳಗೊಳ್ಳುತ್ತದೆ. ಇಂದಿನ ಕೈಪಿಡಿಗಳು ಗಾಳಿಯಾಡುವ ಜಾಗ, ಕನ್ನಡಕ, ಕೈಗವಸು, ಉದ್ದ ತೋಳಿನ ಬಟ್ಟೆ, ಕೆಲಸದ ಜಾಗದಲ್ಲಿ ತಿನ್ನದಿರುವುದು, ಒಮ್ಮೆ ಸೀಸ ಕಂಡ ಪಾತ್ರೆ ಮತ್ತೆ ಅಡುಗೆಗೆ ಹೋಗದಿರುವುದು, ಮಕ್ಕಳೂ ಗರ್ಭಿಣಿಯರೂ ಹತ್ತಿರ ಸುಳಿಯದಿರುವುದು ಇವನ್ನು ಅಚ್ಚಿಗಿಂತ ಮೊದಲು ಹೇಳುತ್ತವೆ. ಅಡುಗೆಮನೆಯಲ್ಲಿ ಹುಟ್ಟಿದ ಕೆಲಸ ಅಡುಗೆಮನೆಯಿಂದ ಹೊರಬಿದ್ದದ್ದು ಈ ಚರಿತ್ರೆಯ ಅತ್ಯಂತ ಒಳ್ಳೆಯ ತಿರುವು.

ಸೀಸದ ಮೂಲಗಳೂ ಈಚೆಗೆ ಬತ್ತುತ್ತಿವೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1978ರ ಜುಲೈಯಲ್ಲಿ ಬಿಸಿ ಲೋಹದ ಅಕ್ಷರಜೋಡಣೆಯನ್ನು ಕೈಬಿಟ್ಟಿತು. ಇತರ ಪತ್ರಿಕೆಗಳೂ ಆಫ್‌ಸೆಟ್ ಮುದ್ರಣಕ್ಕೆ ಹೊರಳಿದಂತೆ ಲೈನೋಟೈಪ್ ಲೋಹ ವಿರಳವಾಯಿತು. ಆಮೇಲೆ ಎರಕದವರು ನೆಚ್ಚಿದ್ದು ವಾಹನಗಳ ಚಕ್ರದ ಸಮತೋಲಕ್ಕೆ ಸಿಕ್ಕಿಸುವ ಸೀಸದ ತೂಕಗಳನ್ನು, ಕ್ಯಾಲಿಫೋರ್ನಿಯಾ 2010ರಲ್ಲಿ ಅವನ್ನೂ ನಿಷೇಧಿಸಿತು. ಸೀಸದ ಚೂರುಗಳಿರುವ ಕಳೇಬರಗಳನ್ನು ತಿಂದು ಕಾಂಡೊರ್ ರಣಹದ್ದುಗಳು ಸಾಯುತ್ತಿದ್ದುದರಿಂದ ಅದೇ ರಾಜ್ಯ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ಪೂರ್ತಿ ನಿಲ್ಲಿಸಿತು, ಗುರಿ ಅಭ್ಯಾಸಕ್ಕೆ ಮಾತ್ರ ಉಳಿಸಿತು. ಫ್ರೆಂಚರ ಕಾಲದಿಂದ ಗಣಿಗಾರಿಕೆ ನಡೆದ ಮಿಸೌರಿಯಲ್ಲಿ, ಹರ್ಕ್ಯುಲೇನಿಯಂ ಊರಿನಲ್ಲಿದ್ದ ದೇಶದ ಕೊನೆಯ ಅದಿರು ಕುಲುಮೆ 2013ರ ಡಿಸೆಂಬರಿನಲ್ಲಿ ಆರಿತು. ಈಗ ಅಮೆರಿಕದಲ್ಲಿ ಶುದ್ಧೀಕರಿಸುವ ಸೀಸವೆಲ್ಲ ಗುಜರಿಯಿಂದ, ಬಹುಪಾಲು ಹಳೆಯ ಬ್ಯಾಟರಿಗಳಿಂದ ಬರುತ್ತದೆ. ಬ್ಯಾಟರಿಯ ಫಲಕಗಳನ್ನು ಮನೆಯಲ್ಲಿ ಕರಗಿಸಿದರೆ ಮಾರಕ ಅನಿಲಗಳು ಹುಟ್ಟುವ ಅಪಾಯವಿರುವುದರಿಂದ ಅದು ಎರಕದವರಿಗೆ ನಿಷಿದ್ಧ. ಹಾಗಾಗಿ ಹಲವು ಹೊಸಬರು ಈಗ ಸಿಕ್ಕಿದ ಸೀಸಕ್ಕೆ ಕೈಚಾಚದೆ, ನೂರಕ್ಕೆ 92 ಸೀಸ, 6 ಆಂಟಿಮನಿ, 2 ತವರ ಎಂದು ಪಾಲು ನಮೂದಿಸಿದ ಗಟ್ಟಿಗಳನ್ನು ಎರಕದ ಕಾರ್ಖಾನೆಯಿಂದಲೇ ಕೊಳ್ಳುತ್ತಾರೆ.